ಡ್ರಾಕುಲಾನನ್ನ ಒಳಗೆ ಕರೆದೋರು ಯಾರು?

ಮೂಡಿಗೆರೆ_ಮಳೆ · ಭಾನುವಾರ ಬೆಳಿಗ್ಗೆ 10:20
ನಿನ್ನೆ ರಾತ್ರಿ ಗೆಳೆಯನ ಎಸ್ಟೇಟ್ ಬಂಗಲೆಯಲ್ಲಿ ಗೋಡೆಗೆ ಬಿಳಿ ಪಂಚೆ ಕಟ್ಟಿ 1931ರ ‘ಡ್ರಾಕುಲಾ’ ಹಾಕಿದ್ವಿ. ಹೊರಗೆ ಜಡಿಮಳೆ, ಮಂಜು, ಹಂಚಿನ ಮೇಲೆ ಏನೋ ಓಡಾಡೋ ಸದ್ದು. ಹೆದರೋಕೆ ಇದಕ್ಕಿಂತ ಒಳ್ಳೆ ಜಾಗ ಬೇಕಾ? ಆದ್ರೂ ಒಬ್ಬರೂ ಹೆದರಲಿಲ್ಲ. ಸಿನಿಮಾದಲ್ಲಿ ಊರವರು ಕೋಟೆಗೆ ಹೋಗಬೇಡ ಅಂತಾರೆ, ಹೊರಗಿಂದ ಬಂದೋನು ಹೋಗ್ತಾನೆ. ಒಬ್ಬ ಹೆಂಗಸು ಶಿಲುಬೆ ಕೊಡ್ತಾಳೆ. ಕುದುರೆ ಗಾಡಿ, ತೋಳದ ಊಳು, ತಾನಾಗೇ ತೆರೆಯೋ ಬಾಗಿಲು, ಮೆಟ್ಟಿಲ ಮೇಲೆ ಮೇಣದಬತ್ತಿ ಹಿಡಿದ ಕೌಂಟ್ ಡ್ರಾಕುಲಾ. ಎಸ್ಟೇಟ್ ರೈಟರ (ಲೆಕ್ಕ ಬರೆಯೋರ) ಮಗ, ಒಂಬತ್ತನೇ ಕ್ಲಾಸು, ಈ ಸಿನಿಮಾ ಮುಂಚೆ ನೋಡೇ ಇಲ್ಲ. ಆದ್ರೂ ಪ್ರತಿ ಸೀನಿಗೆ ಮೊದಲೇ ‘ಈಗ ಹಿಂಗಾಗುತ್ತೆ’ ಅಂತ ಹೇಳ್ತಿದ್ದ. ಎಲ್ಲ ಸರಿಯಾಗಿತ್ತು! ಇಷ್ಟು ಸವೆದ ಸೂತ್ರ ಇಟ್ಕೊಂಡು ಇನ್ನೂ ಯಾರನ್ನ ಹೆದರಿಸೋಕಾಗುತ್ತೆ ಹೇಳಿ.

ಸಕಲೇಶಪುರ_ಘಾಟಿ · 10:41
ಕೋಟೆಯೊಳಗೆ ಆರ್ಮಡಿಲೊ ಓಡಾಡಿದ್ದು ಯಾರಾದ್ರೂ ನೋಡಿದ್ರಾ? ನಮ್ಮ ಚಿಪ್ಪುಹಂದಿ ಥರ ಕಾಣೋ ಪ್ರಾಣಿ. ಅಮೆರಿಕ ಖಂಡದ್ದು ಅದು, ಡ್ರಾಕುಲಾನ ಊರು ಟ್ರಾನ್ಸಿಲ್ವೇನಿಯಾದಲ್ಲಿ ಏನು ಕೆಲಸ? ರಕ್ತ ಹೀರೋ ಬಾವಲಿನೂ ಅಷ್ಟೇ, ಮೆಕ್ಸಿಕೊ, ಮಧ್ಯ ಮತ್ತು ದಕ್ಷಿಣ ಅಮೆರಿಕ ಬಿಟ್ರೆ ಬೇರೆಲ್ಲೂ ಇಲ್ಲ. ನಮ್ಮ ತೋಟದ ಬಾವಲಿ ಹಣ್ಣು ತಿಂದು ಬೀಜ ಉಗುಳೋ ಸಾಧು ಜೀವ. ಮಲೆನಾಡಿಗೆ ಅಸಲಿ ಡ್ರಾಕುಲಾ ಬೇಕಂದ್ರೆ ಇಂಬಳ ಇದೆಯಲ್ಲ. ಕೋಟೆ ಬೇಡ, ಶವಪೆಟ್ಟಿಗೆ ಬೇಡ, ಸಾಕ್ಸ್ ಒಳಗೇ ಬರುತ್ತೆ.

ಕೊಪ್ಪದ_ಚೆಂಡೆ · 11:05
ಇಂಬಳ ಅಲ್ಲ ಮಾರಾಯ, ಉಂಬಳ.

ಮಳೆಯವರೇ, ಮುಂದಿನ ಸೀನು ಗೊತ್ತಾದ್ರೆ ಭಯ ಹೋಗುತ್ತೆ ಅಂತ ಯಾರು ಹೇಳಿದ್ದು? ದೇವಿಮಹಾತ್ಮೆ ಯಕ್ಷಗಾನ ಆಟಕ್ಕೆ ಹೋಗೋರಲ್ಲಿ ಮಹಿಷಾಸುರ ಬರ್ತಾನೆ ಅಂತ ಗೊತ್ತಿಲ್ಲದೋರು ಯಾರಿದ್ದಾರೆ? ಎಲ್ಲಿಂದ ಬರ್ತಾನೆ ಅಂತಲೂ ಗೊತ್ತು, ಜನರ ಹಿಂದಿನಿಂದ. ಆದ್ರೂ ದೊಂದಿ ಹೊತ್ತಿ, ರಾಳ ಎರಚಿ, ಬೆಂಕಿ ಭಗ್ಗಂತ ಎದ್ದು ಚೆಂಡೆ ಏರಿದಾಗ ಮಕ್ಕಳು ಅಮ್ಮನ ಸೆರಗೊಳಗೆ ಹೋಗ್ತಾವೆ. ನಾನೂ ಹೋಗಿದ್ದೆ. ಕಾಯೋದ್ರಲ್ಲೇ ಇದೆ ಭಯ. ಊರವರು ‘ಹೋಗಬೇಡ’ ಅನ್ನೋದು ಚೆಂಡೆಯ ಮೊದಲ ಪೆಟ್ಟು ಅಂದ್ಕೊಳ್ಳಿ.

ಮೂಡಿಗೆರೆ_ಮಳೆ · 11:18
ಮಹಿಷಾಸುರನ ಹಿಂದೆ ದೇವಿ ಇದ್ದಾಳೆ, ಭಕ್ತಿ ಇದೆ, ಇಡೀ ರಾತ್ರಿ ನಿದ್ದೆಗೆಟ್ಟು ಕೂತ ಊರಿದೆ. ಇಲ್ಲಿ ಏನಿದೆ? ದಾರದಲ್ಲಿ ನೇತು ಹಾಕಿದ ರಬ್ಬರ್ ಬಾವಲಿ. ಆಟಕ್ಕೂ ಇದಕ್ಕೂ ಹೋಲಿಸಬೇಡಿ.

ಬೇಲೂರು_ಮೇಷ್ಟ್ರು · 12:30
ಊಟಕ್ಕೆ ಮುಂಚೆ ಒಂದಿಷ್ಟು ಬರೀತೀನಿ. ನೀವು ‘ಸೂತ್ರ’ ಅಂತಿರೋದು ಒಂದೇ ಕೈಯಲ್ಲಿ ಆಗಿದ್ದಲ್ಲ. ಬ್ರಾಮ್ ಸ್ಟೋಕರ್ ಕಾದಂಬರಿ 1897ರದ್ದು. ಅದರಲ್ಲಿ ಡ್ರಾಕುಲಾ ಹಾಡಹಗಲೇ ಲಂಡನ್ ಬೀದೀಲಿ ತಿರುಗ್ತಾನೆ, ಹಗಲಲ್ಲಿ ಶಕ್ತಿ ಕಮ್ಮಿ ಅಷ್ಟೇ. ಬಿಸಿಲು ಬಿದ್ರೆ ಸತ್ತೇ ಹೋಗೋದು 1922ರ ಜರ್ಮನ್ ಮೂಕಿ ಚಿತ್ರ ‘ನೊಸ್ಫೆರಾಟು’ ತಂದ ಕಾನೂನು. (ಕಾದಂಬರಿಯ ಹಕ್ಕು ಪಡೀದೇ ತೆಗೆದ ಚಿತ್ರ. ಸ್ಟೋಕರ್ ಪತ್ನಿ ಕೋರ್ಟಿಗೆ ಹೋದ್ರು, ಪ್ರಿಂಟೆಲ್ಲ ನಾಶ ಮಾಡಿ ಅಂತ ಆದೇಶವೂ ಆಯ್ತು. ಆದ್ರೂ ಎಲ್ಲೆಲ್ಲೋ ಉಳಿದಿದ್ದ ಪ್ರಿಂಟಿಂದ ಎದ್ದು ಬಂತು.) ಎತ್ತಿ ನಿಂತ ಕಾಲರಿನ ಕರಿ ನಿಲುವಂಗಿ ಬಂದಿದ್ದು ನಾಟಕದಿಂದ. ನಟ ಪ್ರೇಕ್ಷಕರಿಗೆ ಬೆನ್ನು ಹಾಕಿ ನಿಂತ್ರೆ ಕಾಲರು ತಲೆ ಮುಚ್ಚಬೇಕು, ಅವನು ಒಳಗಿಂದ ಜಾರಿ ರಂಗದ ನೆಲದಲ್ಲಿರೋ ಕಳ್ಳಬಾಗಿಲಲ್ಲಿ ಮಾಯ ಆಗಬೇಕು. ಕಂಪನಿ ನಾಟಕದ ಟ್ರಿಕ್ ಸೀನು ನೋಡಿದೋರಿಗೆ ತಕ್ಷಣ ಗೊತ್ತಾಗುತ್ತೆ. ಕೋರೆಹಲ್ಲು? 1931ರ ಚಿತ್ರದಲ್ಲಿ ಡ್ರಾಕುಲಾ ಆದ ಬೆಲಾ ಲುಗೋಸಿ ಬಾಯಲ್ಲಿ ಒಂದೂ ಕಾಣಲ್ಲ. 1958ರಲ್ಲಿ ಹ್ಯಾಮರ್ ಕಂಪನಿಯ ಚಿತ್ರದಲ್ಲಿ ಕ್ರಿಸ್ಟೋಫರ್ ಲೀ ಹಲ್ಲು, ರಕ್ತ ಎರಡನ್ನೂ ಕಲರಲ್ಲಿ ತೋರಿಸಿದ. ಇನ್ನು ಎದೆಗೆ ಗೂಟ. ಕಾದಂಬರಿಯಲ್ಲಿ ಡ್ರಾಕುಲಾ ಸಾಯೋದು ಗೂಟದಿಂದಲ್ಲ, ಕೊರಳಿಗೆ ಒಬ್ಬನ ಕುಕ್ರಿ, ಎದೆಗೆ ಇನ್ನೊಬ್ಬನ ಚಾಕು. ಹೌದು, ನಮ್ಮ ಗೂರ್ಖಾಗಳ ಕುಕ್ರಿಯೇ.

ಸಕಲೇಶಪುರ_ಘಾಟಿ · 12:44
ಬಿಸಿಲಿನ ಕಾನೂನು ಮಾಡಿದೋರು ಆಷಾಢದಲ್ಲಿ ಇಲ್ಲಿಗೆ ಬಂದಿಲ್ಲ. ತಿಂಗಳುಗಟ್ಟಲೆ ಸೂರ್ಯನೇ ಕಾಣಲ್ಲ. ಚಾರ್ಮಾಡೀಲಿ ಮಧ್ಯಾಹ್ನ ಮೂರಕ್ಕೇ ಹೆಡ್‌ಲೈಟ್ ಹಾಕ್ಬೇಕು. ಅವನು ಇಲ್ಲೇ ನಾಲ್ಕೆಕರೆ ತೋಟ ತಗೊಂಡು ಹೋಂಸ್ಟೇ ಮಾಡ್ತಾನೆ. ಬೆಳ್ಳುಳ್ಳಿ ಕಂಡ್ರೆ ಅವನಿಗಾಗಲ್ಲ, ಅದನ್ನ ತಿನ್ನದ ಮನೆಗಳ ಗತಿ ಏನು ಅನ್ನೋದು ಬೇರೆ ಚರ್ಚೆ 😄

ಅರಸೀಕೆರೆ_ಅಕ್ಕ · 1:15
ಬೆಳ್ಳುಳ್ಳಿ, ಬಾವಲಿ ಎಲ್ಲ ಆಯ್ತಲ್ಲ, ಹೆಣ್ಮಕ್ಕಳ ವಿಷಯ ಒಬ್ಬರೂ ಎತ್ತಲಿಲ್ಲ. ನನಗೆ ತೀರಾ ಸವೆದಿದೆ ಅನ್ನಿಸೋ ಸೂತ್ರ ಅದು. ಕಾದಂಬರಿಯ ನಾಯಕಿ ಮೀನಾ ಶಾರ್ಟ್‌ಹ್ಯಾಂಡ್ ಕಲಿತೋಳು. ಎಲ್ಲರ ಡೈರಿ, ಕಾಗದ ಒಟ್ಟು ಮಾಡಿ ಟೈಪ್ ಮಾಡಿ ಸಾಲಾಗಿ ಜೋಡಿಸ್ತಾಳೆ. ರೈಲಿನ ವೇಳಾಪಟ್ಟಿ ಅವಳಿಗೆ ಬಾಯಿಪಾಠ. ಅವಳಿಲ್ಲದಿದ್ರೆ ಆ ಗಂಡಸರು ಅವನನ್ನ ಹಿಡೀತಿರಲಿಲ್ಲ. 1931ರ ಸಿನಿಮಾಗೆ ಬಂದಾಗ ಅದೇ ಮೀನಾ ಸೋಫಾ ಮೇಲೆ ಒರಗಿ ಬಿಳುಚಿಕೊಳ್ತಾಳೆ, ಅವಳಿಗೇನಾಗಿದೆ ಅಂತ ಪಕ್ಕದಲ್ಲಿ ನಿಂತ ಗಂಡಸರು ಮಾತಾಡ್ಕೋತಾರೆ. ಶಿಲುಬೆನೂ ಕನ್ನಡಿನೂ ಉಳಿಸ್ಕೊಂಡ್ರು, ಅವಳ ಕೆಲಸ ಮಾತ್ರ ಕಿತ್ಕೊಂಡ್ರು. ಚೆಂಡೆಯವರೇ, ಇದನ್ನೂ ಚೆಂಡೆಯ ಮೊದಲ ಪೆಟ್ಟು ಅಂತೀರಾ?

ಕೊಪ್ಪದ_ಚೆಂಡೆ · 1:32
ಅಕ್ಕ, ಅಲ್ಲಿ ನಾನು ಸೋತೆ.

ಮೂಡಿಗೆರೆ_ಮಳೆ · 1:40
ಅಕ್ಕ ಹೇಳಿದ್ದೇ ನನ್ನ ಮಾತು. ಯಾಕೆ ಅಂತ ಕೇಳದೇ ಒಬ್ಬರಿಂದ ಒಬ್ಬರು ಎತ್ಕೊಂಡು ಹೋದ್ರೆ ಹಿಂಗೇ ಆಗೋದು.

ಬೇಲೂರು_ಮೇಷ್ಟ್ರು · 3:50
ಊಟ, ನಿದ್ದೆ ಎರಡೂ ಆಯ್ತು. ಮಳೆಯವರೇ, ಕೆಲವು ಸೂತ್ರಕ್ಕೆ ‘ಯಾಕೆ’ ಇದೆ. ನಮ್ಮ ದೇವಸ್ಥಾನದ ನರಸಿಂಹ ಕಂಬ ನೋಡಿದಾಗೆಲ್ಲ ನನಗೆ ಇದೇ ನೆನಪಾಗುತ್ತೆ. ಹಿರಣ್ಯಕಶಿಪು ಕೇಳಿದ ವರ ಏನು? ಒಳಗೂ ಬೇಡ ಹೊರಗೂ ಬೇಡ, ಹಗಲೂ ಬೇಡ ರಾತ್ರೀನೂ ಬೇಡ, ಮನುಷ್ಯನೂ ಬೇಡ ಪ್ರಾಣೀನೂ ಬೇಡ. ಆ ಪಟ್ಟಿ ಇದ್ದಿದ್ದಕ್ಕೇ ಕತೆ. ಎಲ್ಲಿ ಸಂದು ಇದೆ ಅಂತ ನಾವು ಹುಡುಕ್ತಾ ಕೂರ್ತೀವಿ, ಕೊನೆಗೆ ಮುಸ್ಸಂಜೆ ಹೊಸ್ತಿಲ ಮೇಲೆ ಸಿಗುತ್ತೆ. ಪಟ್ಟಿ ಗೊತ್ತಿಲ್ಲದೋನಿಗೆ ಆ ಹೊಸ್ತಿಲು ಬರೀ ಮರದ ತುಂಡು. ಡ್ರಾಕುಲಾನ ಪಟ್ಟಿ ಇದರ ಉಲ್ಟಾ. ಯಾವುದರಿಂದ ಸಾಯಲ್ಲ ಅಂತ ಅವನು ಬರೆಸಿದ, ಯಾವುದೆಲ್ಲ ಕೈಲಾಗಲ್ಲ ಅಂತ ಇವನಿಗೆ ಬರೆದಿದೆ. ತನ್ನ ಊರ ಮಣ್ಣಿಲ್ಲದೇ ಮಲಗೋ ಹಾಗಿಲ್ಲ. ಮನೆಯವರು ಯಾರಾದ್ರೂ ಒಮ್ಮೆ ಕರೀದೇ ಒಳಗೆ ಕಾಲಿಡೋ ಹಾಗಿಲ್ಲ. ಒಮ್ಮೆ ಕರೆದ್ರೆ ಮುಗೀತು, ಆಮೇಲೆ ಬೇಕಾದಾಗ ಬರಬಹುದು.

ಕಾದಂಬರಿಯ ಶುರುವಲ್ಲೇ ಹೊಸ್ತಿಲಿದೆ. ಅತಿಥಿ ಬಂದಾಗ ಡ್ರಾಕುಲಾ ಬಾಗಿಲಲ್ಲಿ ಕಲ್ಲಿನ ಹಾಗೆ ನಿಂತಿರ್ತಾನೆ, ನಿನ್ನಿಷ್ಟದಿಂದಲೇ ಒಳಗೆ ಬಾ ಅಂತಾನೆ. ಆ ಹುಡುಗ ಹೊಸ್ತಿಲು ದಾಟಿದ ಕ್ಷಣವೇ ಮುಂದೆ ನುಗ್ಗಿ ಕೈ ಹಿಡೀತಾನೆ. ಅಲ್ಲಿವರೆಗೆ ಒಂದು ಹೆಜ್ಜೆ ಇಡಲ್ಲ. ನನಗೆ ಇಡೀ ಪುಸ್ತಕದಲ್ಲಿ ಭಯ ಆಗಿದ್ದು ಅಲ್ಲೇ.

ಅರಸೀಕೆರೆ_ಅಕ್ಕ · 4:10
ಇದು ಸರಿ ಮೇಷ್ಟ್ರೇ. ತೊಂಬತ್ತರ ದಶಕದಲ್ಲಿ ಬಾಗಿಲ ಮೇಲೆ ‘ನಾಳೆ ಬಾ’ ಅಂತ ಬರೀತಿದ್ರಲ್ಲ, ನಮ್ಮ ಮನೆ ಬಾಗಿಲಿಗೆ ಬರೆದೋಳು ನಾನೇ, ಸೀಮೆಸುಣ್ಣದಲ್ಲಿ. ಅವಳು, ಅಂದ್ರೆ ಆ ದೆವ್ವ, ಪರಿಚಯದೋರ ದನೀಲಿ ಕರೀತಾಳೆ, ಓಗೊಟ್ರೆ ಕೆಟ್ಟೆ ಅಂತ ಹೆದರಿಸಿದ್ರು. ರಾತ್ರಿ ಅಪ್ಪ ಲೇಟಾಗಿ ಬಂದು ಬಾಗಿಲು ತಟ್ಟಿದ್ರೆ ಅಮ್ಮ ಮೂರು ಸಲ ಕರೆಯೋವರೆಗೂ ಓ ಅಂತಿರಲಿಲ್ಲ. ಅಪ್ಪ ಮಳೇಲಿ ನೆಂದ್ಕೊಂಡು ಬೈತಿದ್ರು. ಅಪ್ಪ ಅಂತ ಗೊತ್ತಿದ್ರೂ ಮೂರನೇ ಕರೆವರೆಗೆ ನನ್ನ ಎದೆ ಹೊಡ್ಕೋತಿತ್ತು.

ಸಕಲೇಶಪುರ_ಘಾಟಿ · 4:16
ಮಲೆನಾಡಲ್ಲಿ ಅವನಿಗೆ ಆ ಕಷ್ಟನೂ ಇಲ್ಲ. ಅಂಗಳದಲ್ಲಿ ನೆರಳು ಕಂಡ್ರೆ ಸಾಕು, ಯಾರು ಅಂತಲೂ ನೋಡದೇ ನಮ್ಮಜ್ಜಿ ‘ಬನ್ನಿ ಒಳಗೆ, ಕಾಫಿ ಕುಡ್ಕೊಂಡು ಹೋಗಿ’ ಅಂತಾರೆ.

ಮೂಡಿಗೆರೆ_ಮಳೆ · 4:30
😂 ಸರಿ, ಹೊಸ್ತಿಲು ಒಪ್ಪಿದೆ. ರಬ್ಬರ್ ಬಾವಲಿ ಒಪ್ಪಲ್ಲ. ಆದ್ರೆ ಒಂದು ಈಗ ಹೊಳೀತು. ನಿನ್ನೆ ಸಿನಿಮಾ ಮುಗಿದ ಮೇಲೆ ರೈಟರ ಮಗ ಲೈನ್ ಮನೆಗೆ ಒಬ್ಬನೇ ಹೋಗಲಿಲ್ಲ. ಟಾರ್ಚ್ ಹಿಡ್ಕೊಂಡು ನಾನೇ ಬಿಟ್ಟು ಬಂದೆ.

ಕೊಪ್ಪದ_ಚೆಂಡೆ · 4:33
ಎಲ್ಲಾ ಮೊದಲೇ ಹೇಳಿದ ಹುಡುಗನಾ?!

ಮೂಡಿಗೆರೆ_ಮಳೆ · 4:35
ಅವನೇ. ಬರೋ ಶನಿವಾರ ಯಾವುದು ಹಾಕೋಣ? 1922ರದ್ದಾ, 1958ರದ್ದಾ?

ಅರಸೀಕೆರೆ_ಅಕ್ಕ · 4:52
1922ರದ್ದು. ಅದರಲ್ಲಿ ಪಿಶಾಚಿನ ಬೆಳಗಿನವರೆಗೆ ತಡೆದು ನಿಲ್ಲಿಸೋದು ಹೆಂಗಸು.

ಬೇಲೂರು_ಮೇಷ್ಟ್ರು · 5:05
ನನ್ನ ಓಟೂ ಅದಕ್ಕೇ. ಮೂಕಿ ಚಿತ್ರ, ಚೆಂಡೆಯವರು ಚೆಂಡೆ ತಂದ್ರೆ ಹಿನ್ನೆಲೆಗಾಯ್ತು.

ಸಕಲೇಶಪುರ_ಘಾಟಿ · 5:11
ಇಂಬಳಕ್ಕೆ ಸುಣ್ಣ, ಹೊಗೆಸೊಪ್ಪು ನಾನು ತರ್ತೀನಿ.

ಕೊಪ್ಪದ_ಚೆಂಡೆ · 5:12
ಉಂಬಳ.