‘ಆಲ್ದೋ’ ಇದ್ದ ಮೇಲೆ ‘ಬಟ್’ ಏಕೆ ಬೇಡ?

ಪ್ರಶ್ನೆ: ಮೇಡಂ, ನಮಸ್ಕಾರ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ನಾನು ಈಗ ಬ್ಯಾಂಕ್ ಪರೀಕ್ಷೆಗೆ ಸಿದ್ಧತೆ ನಡೆಸುತ್ತಿದ್ದೇನೆ. ಅಭ್ಯಾಸ ಪತ್ರಿಕೆಯೊಂದರಲ್ಲಿ ‘ಆಲ್ದೋ ಹೀ ವಾಸ್ ಇಲ್, ಬಟ್ ಹೀ ವೆಂಟ್ ಟು ಆಫೀಸ್’ ಎಂಬ ವಾಕ್ಯವನ್ನು ತಪ್ಪೆಂದು ಗುರುತಿಸಿದ್ದಾರೆ, ಆದರೆ ಕಾರಣ ಕೊಟ್ಟಿಲ್ಲ. ಉಪವಾಕ್ಯಕ್ಕೂ ಫ್ರೇಸ್‌ಗೂ ಇರುವ ವ್ಯತ್ಯಾಸವನ್ನೂ ದಯವಿಟ್ಟು ತಿಳಿಸಿ.

ಉತ್ತರ: ಎರಡನೆಯದನ್ನು ಮೊದಲು ನೋಡೋಣ. ಕಾಲವನ್ನು ಸೂಚಿಸುವ ಕ್ರಿಯಾಪದವೊಂದು ತನ್ನ ಕರ್ತೃವಿನೊಡನೆ ಇದ್ದರೆ ಅದು ಉಪವಾಕ್ಯ. ಅಂಥ ಕ್ರಿಯಾಪದವಿಲ್ಲದ ಪದಗಳ ಗುಂಪು ಫ್ರೇಸ್. ‘ಬಿಕಾಸ್ ಇಟ್ ರೇನ್ಡ್’ ಉಪವಾಕ್ಯ, ‘ಬಿಕಾಸ್ ಆಫ್ ದ ರೇನ್’ ಫ್ರೇಸ್. ‘ಡಿಸ್ಪೈಟ್’ ಪದದ ನಂತರ ‘ಹೀ ವಾಸ್ ಇಲ್’ ಎಂದು ಬರೆಯದೆ ‘ಹಿಸ್ ಇಲ್‌ನೆಸ್’ ಎಂದು ಬರೆಯುವುದಕ್ಕೂ ಇದೇ ಕಾರಣ.

ಇನ್ನು ನಿಮ್ಮ ವಾಕ್ಯ. ಇಂಗ್ಲಿಷಿನಲ್ಲಿ ಎರಡು ಉಪವಾಕ್ಯಗಳನ್ನು ಜೋಡಿಸಲು ಒಂದು ಸಂಯೋಜಕ ಸಾಕು. ‘ಆಲ್ದೋ’ ಮೊದಲ ಉಪವಾಕ್ಯವನ್ನು ಅಧೀನಗೊಳಿಸಿ ಎರಡನೆಯದಕ್ಕೆ ಕಟ್ಟಿಹಾಕಿದ ಮೇಲೆ, ಎರಡು ಸಮಾನ ಘಟಕಗಳನ್ನು ಜೋಡಿಸುವ ‘ಬಟ್’ ಪದಕ್ಕೆ ಅಲ್ಲಿ ಮಾಡಲು ಕೆಲಸವೇ ಉಳಿಯುವುದಿಲ್ಲ. ಕನ್ನಡದಲ್ಲಿ ‘ಅವನು ಹುಷಾರಿಲ್ಲದಿದ್ದರೂ ಕಚೇರಿಗೆ ಹೋದನು’ ಎನ್ನುವಾಗ ಜೋಡಿಸುವ ಕೆಲಸವನ್ನು ಕ್ರಿಯಾರೂಪದ ಕೊನೆಯಲ್ಲಿರುವ ‘ರೂ’ ಮಾಡಿಬಿಡುತ್ತದೆ. ‘ಹುಷಾರಿಲ್ಲದಿದ್ದರೂ, ಆದರೆ ಹೋದನು’ ಎಂದು ನಾವು ಯಾರೂ ಹೇಳುವುದಿಲ್ಲ. ಶಾಲೆಯಲ್ಲಿ ‘ಆಲ್ದೋ ಎಂದರೆ ಆದಾಗ್ಯೂ’ ಎಂದು ಪಟ್ಟಿ ಮಾಡಿ ಉರುಹೊಡೆಸುವುದರಿಂದ ಅದು ಬಿಡಿ ಪದವಾಗಿ ತಲೆಯಲ್ಲಿ ಕೂರುತ್ತದೆಯೇ ಹೊರತು, ಅದರ ಕೆಲಸ ನಮ್ಮ ‘ರೂ’ ಮಾಡುವ ಕೆಲಸವೇ ಎಂಬುದು ಹೊಳೆಯುವುದಿಲ್ಲ. ಅಂದ ಹಾಗೆ, ‘ದೋ’ ಜೊತೆಗೆ ‘ಯೆಟ್’ ಬಳಸುವುದು ತುಸು ಹಳೆಯ ಶೈಲಿಯಾದರೂ ತಪ್ಪಲ್ಲ. ನಮ್ಮ ಸ್ಪರ್ಧಾತ್ಮಕ ಪರೀಕ್ಷೆಗಳ ಪುಸ್ತಕಗಳಲ್ಲಿ ಆ ಜೋಡಿ ಇಂದಿಗೂ ಕಾಣುತ್ತದೆ.

ಇನ್ನೊಬ್ಬ ಸದಸ್ಯರ ಪ್ರಶ್ನೆ: ‘ಬಟ್’ ಮತ್ತು ‘ಹೌಎವರ್’ ಎರಡರ ಅರ್ಥವೂ ಒಂದೇ ಆಗಿರುವಾಗ, ‘ಇಟ್ ರೇನ್ಡ್, ಹೌಎವರ್ ವೀ ಪ್ಲೇಡ್’ ಎಂಬುದನ್ನು ನಮ್ಮ ಉಪನ್ಯಾಸಕರು ಏಕೆ ತಿದ್ದಿದರು?

ಉತ್ತರ: ಅರ್ಥ ಹತ್ತಿರದ್ದಾದರೂ ವರ್ಗ ಬೇರೆ. ‘ಬಟ್’ ಸಂಯೋಜಕ, ‘ಹೌಎವರ್’ ಕ್ರಿಯಾವಿಶೇಷಣ. ಪದವನ್ನು ಜಾಗ ಬದಲಿಸಿ ನೋಡಿ: ‘ವೀ ಪ್ಲೇಡ್, ಹೌಎವರ್’ ಎಂದು ಕೊನೆಗೂ ತಳ್ಳಬಹುದು, ಆದರೆ ಬರವಣಿಗೆಯಲ್ಲಿ ‘ಬಟ್’ ತನ್ನ ಉಪವಾಕ್ಯದ ತಲೆಯನ್ನು ಬಿಟ್ಟು ಕದಲುವುದಿಲ್ಲ. ಹಾಗೆ ಓಡಾಡಬಲ್ಲ ಪದಕ್ಕೆ ಎರಡು ವಾಕ್ಯಗಳನ್ನು ಬೆಸೆಯುವ ಶಕ್ತಿಯಿಲ್ಲದ ಕಾರಣ, ಅದರ ಹಿಂದೆ ಪೂರ್ಣವಿರಾಮವನ್ನೋ ಅರ್ಧವಿರಾಮವನ್ನೋ ಹಾಕಬೇಕು, ಅಲ್ಪವಿರಾಮ ಸಾಲದು. ‘ದೇರ್‌ಫೋರ್’, ‘ಮೊರೋವರ್’ ಪದಗಳಿಗೂ ಇದೇ ನಿಯಮ. ಅಲ್ಪವಿರಾಮದೊಂದಿಗೆ ಸಮಾನ ಉಪವಾಕ್ಯಗಳನ್ನು ಜೋಡಿಸಬಲ್ಲವು ಎಂದು ಕಲಿಸುವ ಪದಗಳು 7: ಫಾರ್, ಆ್ಯಂಡ್, ನಾರ್, ಬಟ್, ಆರ್, ಯೆಟ್, ಸೋ. ಇವುಗಳಲ್ಲಿ ‘ಏಕೆಂದರೆ’ ಎಂಬ ಅರ್ಥದ ‘ಫಾರ್’ ಇಂದು ಮಾತಿನಲ್ಲಿ ಕೇಳಿಬರುವುದು ಅಪರೂಪ. ನೀವು ಅದನ್ನು ಬಳಸದಿದ್ದರೂ ನಷ್ಟವೇನಿಲ್ಲ.

ಮೊದಲ ಪ್ರಶ್ನೆ ಕೇಳಿದವರು: ಧನ್ಯವಾದಗಳು ಮೇಡಂ. ‘ವೆನ್’ ನಂತರ ‘ವಿಲ್’ ಬರಬಾರದು ಎಂದು ಓದಿದ್ದೆ, ಆದರೆ ‘ಐ ಡೋಂಟ್ ನೋ ವೆನ್ ದೇ ವಿಲ್ ಕಮ್’ ಎಂಬ ವಾಕ್ಯವನ್ನು ಸರಿ ಎಂದಿದ್ದಾರೆ. ಯಾವುದನ್ನು ನಂಬಬೇಕು?

ಉತ್ತರ: ಎರಡನ್ನೂ ನಂಬಿ. ನಿಯಮವಿರುವುದು ‘ವೆನ್’ ಎಂಬ ಪದಕ್ಕಲ್ಲ, ಅದು ಆರಂಭಿಸುವ ಉಪವಾಕ್ಯ ವಾಕ್ಯದಲ್ಲಿ ಮಾಡುವ ಕೆಲಸಕ್ಕೆ. ‘ವೆನ್ ದೇ ಕಮ್ ಟುಮಾರೋ, ಐ ವಿಲ್ ಟೆಲ್ ದೆಮ್’ ಎಂಬಲ್ಲಿ ಅದು ಹೇಳುವ ಕೆಲಸದ ಸಮಯವನ್ನು ಸೂಚಿಸುವ ಕ್ರಿಯಾವಿಶೇಷಣ ಉಪವಾಕ್ಯವಾದ್ದರಿಂದ, ಭವಿಷ್ಯದ ಮಾತಾದರೂ ವರ್ತಮಾನ ರೂಪ ಬರುತ್ತದೆ. ನಿಮ್ಮ ವಾಕ್ಯದಲ್ಲಾದರೋ ಅದು ‘ನೋ’ ಎಂಬ ಕ್ರಿಯಾಪದದ ಕರ್ಮ, ಅಂದರೆ ನಾಮಪದದ ಸ್ಥಾನದಲ್ಲಿರುವ ಉಪವಾಕ್ಯ. ಅಲ್ಲಿ ‘ವಿಲ್’ ಉಳಿಯುತ್ತದೆ.

ಇಲ್ಲಿ ಕನ್ನಡವೇ ನಿಮ್ಮ ನೆರವಿಗೆ ಬರುತ್ತದೆ. ಮೊದಲನೆಯದನ್ನು ನಾವು ‘ಅವರು ನಾಳೆ ಬಂದಾಗ ಹೇಳುತ್ತೇನೆ’ ಎನ್ನುತ್ತೇವೆ. ನಾಳೆಯ ಮಾತಿಗೆ ‘ಬಂದ’ ಎಂಬ ಭೂತಕಾಲದ ರೂಪವನ್ನು ಬಳಸಿಯೂ ನಮಗೆ ಏನೂ ಅನ್ನಿಸುವುದಿಲ್ಲ, ಏಕೆಂದರೆ ಕಾಲವನ್ನು ಹೇಳುವ ಹೊಣೆ ಕೊನೆಯ ಕ್ರಿಯಾಪದದ್ದು. ಎರಡನೆಯದನ್ನು ‘ಅವರು ಯಾವಾಗ ಬರುತ್ತಾರೋ ಗೊತ್ತಿಲ್ಲ’ ಎನ್ನುತ್ತೇವೆ. ಕನ್ನಡದಲ್ಲಿ ‘ಬಂದಾಗ’ ಹೊಂದುವ ಕಡೆ ಇಂಗ್ಲಿಷಿನಲ್ಲಿ ‘ವಿಲ್’ ಬೇಡ. ‘ಯಾವಾಗ ಬರುತ್ತಾರೋ’ ಹೊಂದುವ ಕಡೆ ಅದು ಇರಬಹುದು. ‘ಇಫ್’ ವಿಷಯದಲ್ಲೂ ಹೀಗೆಯೇ: ‘ಬಂದರೆ’ ಎನ್ನಬಹುದಾದಲ್ಲಿ ‘ಇಫ್ ದೇ ಕಮ್’, ‘ಬರುತ್ತಾರೋ ಇಲ್ಲವೋ’ ಎನ್ನಬಹುದಾದಲ್ಲಿ ‘ಇಫ್ ದೇ ವಿಲ್ ಕಮ್’. ಎರಡನೆಯ ಅರ್ಥದಲ್ಲಿ ‘ಇಫ್’ ಬದಲು ‘ವೆದರ್’ ಬಳಸಿದರೆ ಗೊಂದಲಕ್ಕೆ ಆಸ್ಪದವೇ ಇರುವುದಿಲ್ಲವಾದ್ದರಿಂದ, ಬರೆಯುವಾಗ ನಾನು ಅದನ್ನೇ ಆರಿಸಿಕೊಳ್ಳುತ್ತೇನೆ.