ಸಹಾಯ ಬೇಕು: ಟುವಾಲುವಿನ ಗೆಡ್ಡೆ ಬೆಳೆಯುವ ಹೊಂಡಗಳು ಹಾಳಾಗಿದ್ದು ಉಪ್ಪುನೀರಿನಿಂದಲೋ, ಹಡಗಿನ ಅಕ್ಕಿಯಿಂದಲೋ?

ಎಲ್ಲರಿಗೂ ನಮಸ್ಕಾರ. ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಡುತ್ತೇನೆ. ಪೆಸಿಫಿಕ್ ಸಾಗರದ ದ್ವೀಪದೇಶ ಟುವಾಲು ಬಗ್ಗೆ ಪಾಠ ತಯಾರಿ ಮಾಡುತ್ತಾ ಒಂದು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ.

ಅಲ್ಲಿನವರು ಪುಲಾಕ ಅಂತ ಒಂದು ಗೆಡ್ಡೆ ಬೆಳೆಯುತ್ತಾರೆ. ನಮ್ಮ ಕೆಸುವಿನ ಜಾತಿಯದೇ, ಆದರೆ ಬಲು ದೊಡ್ಡದು. ಹವಳದ ನೆಲದಲ್ಲಿ ಸಿಹಿನೀರು ಸಿಗುವವರೆಗೂ ಹೊಂಡ ತೋಡಿ, ಬುಡಕ್ಕೆ ಎಲೆಗೊಬ್ಬರ ತುಂಬಿ ವರ್ಷಗಟ್ಟಲೆ ಸಾಕುತ್ತಾರೆ. ಆ ಸಿಹಿನೀರು ಅಂದರೆ ಉಪ್ಪುನೀರಿನ ಮೇಲೆ ತೇಲುವ ಮಳೆನೀರು, ಅಷ್ಟೇ. ಸಮುದ್ರ ಒಳನುಗ್ಗಿದರೆ ಗೆಡ್ಡೆ ಕೊಳೆಯುತ್ತದೆ. ಎಷ್ಟು ತಲೆಮಾರಿನ ದುಡಿಮೆ ಅದು, ಓದುವಾಗ ಸಂಕಟ ಆಯಿತು.

ಆದರೆ ಹಡಗಿನಲ್ಲಿ ಅಕ್ಕಿ, ಮೈದಾ, ಡಬ್ಬಿ ಮಾಂಸ ಬರಲು ಶುರುವಾದ ಮೇಲೆ ಹೊಂಡ ನೋಡಿಕೊಳ್ಳುವವರೇ ಕಡಿಮೆಯಾದರು ಅಂತಲೂ ಓದಿದೆ. ಸಾಲದ್ದಕ್ಕೆ, ಸಮುದ್ರ ಏರಿ ನೆಲ ಕಡಿಮೆಯಾಗುತ್ತಿರಬೇಕು ಅಂದುಕೊಂಡರೆ, 2018ರ ಒಂದು ಅಧ್ಯಯನ, 1971ರಿಂದ 2014ರ ನಡುವೆ ಅಲ್ಲಿನ ನೆಲ ಶೇ. 2.9ರಷ್ಟು ಜಾಸ್ತಿಯೇ ಆಗಿದೆ ಎನ್ನುತ್ತದೆ. ಅಲೆಗಳು ಹವಳದ ಮರಳು ತಂದು ದಡಕ್ಕೆ ಸುರಿಯುತ್ತವಂತೆ. ದಡ ಬೆಳೆದರೂ ಒಳಗಿನ ನೀರು ಉಪ್ಪಾಗಬಹುದು, ಅಲ್ವಾ? ಅಲ್ಲಿಯವರೆಗೆ ಅರ್ಥವಾಯಿತು.

ವರದಿಗಳನ್ನು ಓದಿದೆ, ಉಪಗ್ರಹ ಚಿತ್ರ ನೋಡಿದೆ, ಜೊತೆಯ ಶಿಕ್ಷಕರನ್ನೂ ಕೇಳಿದೆ. ಮಕ್ಕಳಿಗೆ ಸುಮ್ನೆ "ಎರಡೂ ಕಾರಣ" ಅಂದುಬಿಡಲು ಮನಸ್ಸಿಲ್ಲ.

ನನ್ನ ಪ್ರಶ್ನೆ ಇಷ್ಟೇ: ಪಾಳುಬಿದ್ದ ಒಂದು ಹೊಂಡ ಮೊದಲು ಉಪ್ಪಾಗಿ ಆಮೇಲೆ ಜನ ಬಿಟ್ಟಿದ್ದೋ, ಅಥವಾ ಜನ ಬಿಟ್ಟ ಮೇಲೆ ಉಪ್ಪಾಗಿದ್ದೋ ಅಂತ ಹೇಗೆ ಗುರುತಿಸುತ್ತಾರೆ? ಮಣ್ಣು, ಅಂತರ್ಜಲದ ಕೆಲಸ ಗೊತ್ತಿರುವವರು ದಯವಿಟ್ಟು ಹೇಳಿ.