ಲೀರಾ–ರೂಪಾಯಿ ಹಳೆಯ ದರ: 33 ಇದ್ದದ್ದು 2.4 ಆಗಿದ್ದು ಹೇಗೆ?

ಲೆಕ್ಕಿಗ_88: ಟರ್ಕಿಯ ಒಂದು ಲೀರಾಗೆ ಎಷ್ಟು ರೂಪಾಯಿ ಅಂತ 1990ರಿಂದ 2024ರ ತನಕ ಪಟ್ಟಿ ಮಾಡ್ತಿದ್ದೇನೆ. 2004ರ ಕೊನೆಯ ದಿನ 0.00003 ರೂಪಾಯಿ, ಹೊಸ ವರ್ಷಕ್ಕೆ ಇದ್ದಕ್ಕಿದ್ದಂತೆ 32! ಆಮೇಲೆ 2005ರ ಕೊನೆಗೆ 33 ಇದ್ದದ್ದು 2024ರ ಕೊನೆಗೆ 2.4. ಲೀರಾ ಎದುರು ರೂಪಾಯಿ ಹದಿನಾಲ್ಕು ಪಟ್ಟು ಗಟ್ಟಿಯಾಯಿತು ಅಂತ ಬರೆಯಬಹುದಾ?

ಆರುಸೊನ್ನೆ: ಮೊದಲನೆಯದು ಸುಲಭ. 2005ರ ಜನವರಿ 1ರಂದು ಟರ್ಕಿ ಆರು ಸೊನ್ನೆ ಕಿತ್ತುಹಾಕಿತು, ಹಳೆಯ 10 ಲಕ್ಷ ಲೀರಾಗೆ ಹೊಸದು ಒಂದು. ಕೋಡ್ ಕೂಡ ಟಿಆರ್‌ಎಲ್ ಹೋಗಿ ಟಿಆರ್‌ವೈ ಆಯಿತು. ಹಾಗಾಗಿ ಅದಕ್ಕಿಂತ ಹಿಂದಿನ, ಡಾಲರಿಗೆ ಎಷ್ಟು ಲೀರಾ ಎಂಬ ದರಗಳನ್ನೆಲ್ಲ 10,00,000ದಿಂದ ಭಾಗಿಸಿ. ಆದರೆ ಕೆಲವು ತಾಣಗಳು ಆಗಲೇ ಭಾಗಿಸಿ ಕೊಟ್ಟಿರುತ್ತವೆ. ಪರೀಕ್ಷೆಗೆ 2001ರ ಫೆಬ್ರವರಿ ನೋಡಿ. 22ನೇ ತಾರೀಕು ಲೀರಾವನ್ನು ತೇಲಿಬಿಡುವ (ದರವನ್ನು ಮಾರುಕಟ್ಟೆಗೆ ಬಿಡುವ) ಮುಂಚೆ ಡಾಲರಿಗೆ 6.8 ಲಕ್ಷದ ಆಸುಪಾಸು ಇತ್ತು. ನಿಮ್ಮ ಕಡತದಲ್ಲಿ 0.68 ಇದ್ದರೆ ಮತ್ತೆ ಭಾಗಿಸಬೇಡಿ. 2009ರಲ್ಲಿ ‘ಹೊಸ’ ಅನ್ನೋ ಪದ ಮಾತ್ರ ಬಿದ್ದುಹೋಯಿತು, ಬೆಲೆ ಬದಲಾಗಲಿಲ್ಲ.

ಕಡತಹುಳು: ಎರಡನೆಯದಕ್ಕೆ ಬರುವ ಮುಂಚೆ, ಈ 33 ಎಲ್ಲಿಂದ ಬಂತು ಹೇಳಿ. ರಿಸರ್ವ್ ಬ್ಯಾಂಕಿನ ಹಳೆಯ ರೆಫರೆನ್ಸ್ ದರದಲ್ಲಿ ಡಾಲರ್, ಯೂರೋ, ಪೌಂಡ್, ಯೆನ್ ಇದ್ದವು, ಲೀರಾ ಇರಲಿಲ್ಲ. ಹಾಗಾಗಿ ಇದು ಡಾಲರ್ ಮೂಲಕ ಹೊಂದಿಸಿದ ದರ: ಡಾಲರಿಗೆ ಎಷ್ಟು ರೂಪಾಯಿ, ಅದನ್ನು ಡಾಲರಿಗೆ ಎಷ್ಟು ಲೀರಾ ಎಂಬುದರಿಂದ ಭಾಗಿಸಿದ್ದು. 2005ರ ಕೊನೆಗೆ 45 ಭಾಗ 1.35, ಅಂದರೆ 33. 2024ರ ಕೊನೆಗೆ 85.6 ಭಾಗ 35.4, ಅಂದರೆ 2.4. ಆ ಭಾವಕ್ಕೆ ಯಾರೂ ಕೊಟ್ಟೂ ಇಲ್ಲ, ತಗೊಂಡೂ ಇಲ್ಲ. ಕೈಗೆ ಸಿಗುವ ದರ ಬೇಕಿದ್ದರೆ, ಲೀರಾ ಮಾರುವವರು, ಬ್ಯಾಂಕು ರೂಪಾಯಿ ಕೊಟ್ಟು ಡಾಲರ್ ಕೊಳ್ಳುವ ದರವನ್ನು, ಲೀರಾ ತಗೊಂಡು ಡಾಲರ್ ಮಾರುವ ದರದಿಂದ ಭಾಗಿಸಬೇಕು. ಎರಡು ಕಡೆಯೂ ಕಮಿಷನ್ ಕಳೆದುಹೋಗುತ್ತೆ.

ಗಣಪತಿ_ಭಟ್ಟ: ವರ್ಷದ ಕೊನೆಯ ದರವೇ ಯಾಕೆ? ಸರಾಸರಿ ಹಾಕಿದರೆ ಈ ಗೊಂದಲವೇ ಇರಲ್ಲ.

ಕಡತಹುಳು: ಭಟ್ರೇ, ಯಾವ ಸರಾಸರಿ? ಡಾಲರ್ ಎರಡೂ ದಿನ 75 ರೂಪಾಯಿ, ಲೀರಾ ಒಂದು ದಿನ 10, ಇನ್ನೊಂದು ದಿನ 18 ಅಂತಿಟ್ಟುಕೊಳ್ಳಿ. ದಿನದಿನದ ದರ 7.50 ಮತ್ತು 4.17, ಸರಾಸರಿ 5.83. ಮೊದಲೇ ಲೀರಾ ಸರಾಸರಿ 14 ಮಾಡಿ ಭಾಗಿಸಿದರೆ 5.36. ಸುಮಾರು ಒಂಬತ್ತು ಶೇಕಡಾ ವ್ಯತ್ಯಾಸ! ಪ್ರತಿ ದಿನ ಭಾಗಿಸಿ, ಆಮೇಲೆ ಸರಾಸರಿ ತೆಗೀರಿ.

ಇಂಥ ಏರಿಳಿತ ಬರೀ ಕಲ್ಪನೆ ಅಲ್ಲ. 2021ರ ಡಿಸೆಂಬರ್ 20ರಂದು ಡಾಲರ್ 18.36 ಲೀರಾ ಮುಟ್ಟಿತು. ಆ ಸಂಜೆ ಟರ್ಕಿಯ ಅಧ್ಯಕ್ಷ ಎರ್ದೊಆನ್ ಲೀರಾ ಠೇವಣಿಗೆ ವಿನಿಮಯ ನಷ್ಟದಿಂದ ರಕ್ಷಣೆ ಕೊಡುವ ಯೋಜನೆ ಘೋಷಿಸಿದರು, ಕೆಲವೇ ದಿನದಲ್ಲಿ ಡಾಲರ್ 11ರ ಹತ್ತಿರ ಇಳಿಯಿತು. ಟರ್ಕಿಯ ಕೇಂದ್ರ ಬ್ಯಾಂಕಿನ ಸೂಚಕ ದರ ಅಲ್ಲಿಯ 15:30ಕ್ಕೆ ಬರುತ್ತೆ, ಅಂದರೆ ನಮ್ಮ ಸಂಜೆ 6ಕ್ಕೆ. ನಮ್ಮ ಎಫ್‌ಬಿಐಎಲ್ (ರಿಸರ್ವ್ ಬ್ಯಾಂಕಿನ ಬದಲು ಈಗ ರೆಫರೆನ್ಸ್ ದರ ಪ್ರಕಟಿಸುವ ಸಂಸ್ಥೆ) ದರಕ್ಕೆ ಬೆಳಗ್ಗೆ 11:30ರಿಂದ 12:30ರ ವಹಿವಾಟು ಆಧಾರ. ಆ ಘೋಷಣೆ ಎರಡರಲ್ಲೂ ಆ ದಿನ ಸಿಕ್ಕಿಲ್ಲ.

ಆರುಸೊನ್ನೆ: ಇದಕ್ಕೊಂದು ಸೇರಿಸ್ತೀನಿ: ಟರ್ಕಿಯವರು 15:30ರ ದರವನ್ನು ಮರುದಿನದ ಲೆಕ್ಕಕ್ಕೆ ಬಳಸ್ತಾರೆ. ತಾರೀಕಿನ ಕಾಲಮ್ ಒಂದು ದಿನ ಜರುಗಿದೆಯಾ ನೋಡ್ಕೊಳ್ಳಿ. ರಜೆಗಳೂ ಬೇರೆ ಬೇರೆ, ಅಲ್ಲಿ ಅಕ್ಟೋಬರ್ 29, ಇಲ್ಲಿ ಆಗಸ್ಟ್ 15. ಒಂದು ಕಡೆ ದರ ಇಲ್ಲದ ದಿನವನ್ನು ಬಿಟ್ಟುಬಿಡಿ. ಹಿಂದಿನ ದಿನದ ದರ ತುಂಬಿಸಿದರೆ ಇಲ್ಲದ ಏರಿಳಿತ ಹುಟ್ಟುತ್ತೆ.

ಲೆಕ್ಕಿಗ_88: ಸರಿ ಸಾರ್. ಹದಿನಾಲ್ಕು ಪಟ್ಟಿನ ಮಾತು?

ಹಣದುಬ್ಬರ_ಹನುಮ: ಅಷ್ಟು ಬರೆದರೆ ಅರ್ಧ ಸತ್ಯ. ಟರ್ಕಿಯ ಅಧಿಕೃತ ಬೆಲೆ ಸೂಚ್ಯಂಕ ಆ 19 ವರ್ಷದಲ್ಲಿ ಸುಮಾರು 22 ಪಟ್ಟಾಯಿತು. 2022ರ ಅಕ್ಟೋಬರಿನಲ್ಲಿ ವಾರ್ಷಿಕ ಹಣದುಬ್ಬರ 85.51% ಇತ್ತು. ನಮ್ಮ ಕೈಗಾರಿಕಾ ಕಾರ್ಮಿಕರ ಸೂಚ್ಯಂಕ ಅದೇ ಅವಧಿಯಲ್ಲಿ ಸುಮಾರು ಮೂರೂವರೆ ಪಟ್ಟು. 22 ಭಾಗ 3.5, ಅಂದರೆ 6.3. ಬೆಲೆಗಳ ಲೆಕ್ಕಕ್ಕೆ ತಕ್ಕಂತೆ ಲೀರಾ 6.3 ಪಟ್ಟು ಬಿದ್ದಿದ್ದರೆ ಸಾಕಿತ್ತು, ಬಿದ್ದದ್ದು 14 ಪಟ್ಟು. ನಿಜ ಬೆಲೆಯಲ್ಲಿ ಅದು ಅರ್ಧಕ್ಕಿಂತ ತುಸು ಕೆಳಗೆ ಇಳಿದಿದೆ, ಅಷ್ಟೇ. ಇದೂ ಅಲ್ಲಿಯ ಸರ್ಕಾರಿ ಅಂಕಿ ನಂಬಿದರೆ. ಅದನ್ನು ಅನುಮಾನಿಸುವ ಅರ್ಥಶಾಸ್ತ್ರಜ್ಞರು ಅಲ್ಲೇ ಇದ್ದಾರೆ.

ಗಣಪತಿ_ಭಟ್ಟ: ಅಂದ್ರೂ ಗಟ್ಟಿಯಾದದ್ದು ನಿಜ ತಾನೆ?

ಹಣದುಬ್ಬರ_ಹನುಮ: ಲೀರಾ ಎದುರು ಹೌದು. ಅದೇ ಅವಧಿಯಲ್ಲಿ ಡಾಲರ್ 45ರಿಂದ 85.6 ಆಯಿತು. ರೂಪಾಯಿಯೂ ಇಳಿಯುತ್ತಲೇ ಇತ್ತು ಭಟ್ರೇ, ಪಕ್ಕದವನು ಇನ್ನೂ ಜೋರಾಗಿ ಜಾರಿದ.

ಕಡತಹುಳು: 1990ರಿಂದ ಅಂದಿರಲ್ಲ, ಆರುಸೊನ್ನೆಯವರು ಲೀರಾ ಕಡೆಯ ಹೊಂಡ ತೋರಿಸಿದರು, ರೂಪಾಯಿ ಕಡೆಯೂ ಒಂದಿದೆ. 1992ರ ಮಾರ್ಚಿನಿಂದ 1993ರ ಫೆಬ್ರವರಿ ತನಕ ನಮ್ಮಲ್ಲಿ ಎರಡು ದರ ಇದ್ದವು. ರಫ್ತಿನ ಗಳಿಕೆಯ 40% ಅಧಿಕೃತ ದರಕ್ಕೆ, 60% ಮಾರುಕಟ್ಟೆ ದರಕ್ಕೆ. ಅಧಿಕೃತ 25.90ರ ಸುತ್ತ, ಮಾರುಕಟ್ಟೆ 30ರ ಸುತ್ತ. ರಫ್ತುದಾರನಿಗೆ ನಿಜವಾಗಿ ಸಿಕ್ಕಿದ್ದು ಬೇಕಿದ್ದರೆ 0.4 ಮತ್ತು 0.6 ತೂಕ ಹಾಕಿ: ಸುಮಾರು 28.40.

ಲೆಕ್ಕಿಗ_88: ನಾನು ಆ ವರ್ಷಕ್ಕೆಲ್ಲ 25.90 ಹಾಕಿಬಿಟ್ಟಿದ್ದೆ. 12 ತಿಂಗಳ ಸಾಲು ತಿದ್ದಿ, ಪಕ್ಕದಲ್ಲಿ ‘ತೂಕದ ದರ’ ಅಂತ ಗುರುತು ಹಾಕ್ತೀನಿ.